ಮದುವೆಯ ಸಿಹಿ: ಸಕ್ಕರೆಯ ಪುಡಿಕೆಯಿಂದ ಮಿಠಾಯಿಯ ಮೇಜಿನವರೆಗೆ

ಬೆಳಗಾವಿ ಸೀಮೆಯಲ್ಲಿ ಮದುವೆ ನಿಶ್ಚಯವಾಯಿತೆಂಬುದಕ್ಕೆ ಲಗ್ನಪತ್ರಿಕೆಗಿಂತ ಮೊದಲಿನ ಸಾಕ್ಷಿ ಸಕ್ಕರೆ. ಕನ್ನಡ ಮರಾಠಿಗಳೆರಡೂ ಬೆರೆತ ಈ ಗಡಿನಾಡಿನ ಅನೇಕ ಮನೆತನಗಳಲ್ಲಿ ನಿಶ್ಚಿತಾರ್ಥಕ್ಕೆ ‘ಸಾಖರಪುಡಾ’ ಎಂದೇ ಹೆಸರು. ಪುಡಾ ಎಂದರೆ ಪುಡಿಕೆ, ಪೊಟ್ಟಣ. ವರನ ಕಡೆಯ ಹಿರಿಯರು ಕನ್ಯೆಯ ಉಡಿಗೆ ಸಕ್ಕರೆಯ ಪುಡಿಕೆಯನ್ನಿತ್ತರೆಂದರೆ ಮಾತು ಮುಗಿಯಿತು; ಅಲ್ಲಿಂದ ಮುಂದೆ ಹಿಂತೆಗೆಯುವಂತಿಲ್ಲ. ಆ ಪುಡಿಕೆಯ ತೂಕವನ್ನು ಯಾರೂ ನೋಡುತ್ತಿರಲಿಲ್ಲ. ಒಂದು ಮುಷ್ಟಿ ಸಕ್ಕರೆ ಎರಡು ಕುಲಗಳ ಮಾತಿಗೆ ಮುದ್ರೆಯಾಗಿ ಸಾಕಾಗುತ್ತಿತ್ತು.

ಇತ್ತೀಚಿನ ವರ್ಷಗಳಲ್ಲಿ ನಗರದ ಮಂಗಲ ಕಾರ್ಯಾಲಯಗಳ ಆರತಕ್ಷತೆಗಳಲ್ಲಿ ಸಿಹಿಯ ಇನ್ನೊಂದು ರೂಪ ಕಾಣಿಸಿಕೊಂಡಿದೆ. ವೇದಿಕೆಯ ಬದಿಗೆ ಉದ್ದನೆಯ ಮೇಜು; ಅದರ ಮೇಲೆ ಎತ್ತರೆತ್ತರದ ಗಾಜಿನ ಭರಣಿಗಳು; ಅವುಗಳಲ್ಲಿ ಬಣ್ಣದ ಪೆಪ್ಪರಮೆಂಟು, ಚಾಕೊಲೇಟು, ಜೆಲ್ಲಿಯ ತುಂಡುಗಳು, ಹತ್ತಿಯಂತೆ ಮೆತ್ತಗಿರುವ ಮಾರ್ಷ್‌ಮ್ಯಾಲೋ; ಪಕ್ಕದಲ್ಲಿ ಸಣ್ಣ ಚಮಚೆ, ಕಾಗದದ ಚೀಲ. ಅತಿಥಿಗಳು ತಮಗೆ ಬೇಕಾದುದನ್ನು ಬೇಕಾದಷ್ಟು ತುಂಬಿಕೊಂಡು ಹೋಗಬಹುದು. ಇದನ್ನು ‘ಕ್ಯಾಂಡಿ ಬಫೆ’ ಎನ್ನುತ್ತಾರೆ. ಹಿರಿಯರಲ್ಲಿ ಕೆಲವರು ಇದನ್ನು ಪರದೇಶದ ಅನುಕರಣೆಯೆಂದು ತಳ್ಳಿಹಾಕುತ್ತಾರೆ. ಕಿರಿಯರು ಮಕ್ಕಳ ಸಂತೋಷಕ್ಕಾಗಿ ಇರುವ ನಿರುಪದ್ರವಿ ಸಂಗತಿಯೆಂದು ಸಮರ್ಥಿಸುತ್ತಾರೆ. ಬಸದಿಯ ವಿಶ್ವಸ್ತ ಮಂಡಳಿಗಳು ತಮ್ಮ ಸಭಾಗೃಹಗಳಲ್ಲಿ ಇದಕ್ಕೆ ಅನುಮತಿ ಕೊಡಬೇಕೇ ಬೇಡವೇ ಎಂಬುದು ನಿರ್ಣಯವಾಗಬೇಕಾದ ಪ್ರಶ್ನೆ. ನಿರ್ಣಯಕ್ಕೆ ಮುನ್ನ ಸಿಹಿಯ ಚರಿತ್ರೆಯನ್ನು ಒಮ್ಮೆ ನೋಡುವುದು ಉಪಯುಕ್ತ. ಎರಡೂ ಪಕ್ಷಗಳು ತಿಳಿದಿರುವುದಕ್ಕಿಂತ ಆ ಚರಿತ್ರೆ ಹೆಚ್ಚು ಜಟಿಲವಾಗಿದೆ.

ಮೊದಲಿಗೆ ಹೆಸರು. ಕ್ಯಾಂಡಿ ಎಂಬ ಶಬ್ದ ಪರದೇಶದ್ದಲ್ಲ. ಸಂಸ್ಕೃತದ ‘ಖಂಡ’ ಎಂದರೆ ತುಂಡು. ಗಟ್ಟಿಯಾಗಿ ಹರಳುಗಟ್ಟಿದ ಸಕ್ಕರೆಯ ತುಂಡಿಗೂ ಅದೇ ಹೆಸರಾಯಿತು. ಅದು ಪಾರಸಿಯಲ್ಲಿ ‘ಕಂದ್’ ಆಗಿ, ಅರಬರ ವ್ಯಾಪಾರದೊಡನೆ ಪಶ್ಚಿಮಕ್ಕೆ ಹೋಗಿ, ಯುರೋಪಿನ ಭಾಷೆಗಳನ್ನು ದಾಟಿ ಕ್ಯಾಂಡಿಯಾಗಿ ಮರಳಿ ಬಂದಿದೆ. ‘ಶರ್ಕರಾ’ ಶಬ್ದದ ಪ್ರವಾಸವೂ ಇಂಥದೇ. ಹಳೆಯ ಕಿರ್ದಿಗಳನ್ನು ಓದುವ ವರ್ತಕರಿಗೆ ಇನ್ನೊಂದು ಕ್ಯಾಂಡಿಯೂ ಪರಿಚಿತ: ಮುಂಬಯಿ ಇಲಾಖೆಯ ಕಾಲದಲ್ಲಿ ಹತ್ತಿಯನ್ನು ಅಳೆಯುತ್ತಿದ್ದ ತೂಕ, ಮರಾಠಿಯ ‘ಖಂಡಿ’. ಅದರ ಮೂಲವೂ ಖಂಡಿಸುವುದು ಎಂಬರ್ಥದ ಅದೇ ಧಾತುವೆಂದು ಕೋಶಕಾರರು ಹೇಳುತ್ತಾರೆ. ಹೀಗಾಗಿ ಭರಣಿಯೊಳಗಿನ ಪೆಪ್ಪರಮೆಂಟು, ಬಸದಿಯಲ್ಲಿ ಹಂಚುವ ಕಲ್ಲುಸಕ್ಕರೆ, ಜಾತ್ರೆಯ ಬೆಂಡು ಬತ್ತಾಸು ಎಲ್ಲವೂ ಒಂದೇ ಬಳಗದವು.

ಕನ್ನಡ ನಾಡಿನ ಪಾಕಶಾಸ್ತ್ರದ ಪರಂಪರೆಯೂ ದೀರ್ಘವಾದುದು. ಚಾವುಂಡರಾಯನ ‘ಲೋಕೋಪಕಾರ’ 11ನೆಯ ಶತಮಾನದ್ದು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಪೂರ್ವಾರ್ಧದ್ದು; ಅದರಲ್ಲಿ ಸಿಹಿಯೂ ಇದೆ, ಮಾಂಸದ ಅಡಿಗೆಯೂ ಇದೆ. ಜೈನ ಓದುಗರಿಗೆ ಹೆಚ್ಚು ಹತ್ತಿರವಾದುದು 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ವಾರ್ಧಕ ಷಟ್ಪದಿಯಲ್ಲಿ ರಚಿತವಾದ ಆ ಗ್ರಂಥ ಪೂರ್ಣ ಶಾಕಾಹಾರದ್ದು. ಹಿಟ್ಟಿನ ಭಕ್ಷ್ಯಗಳಿಗಾಗಿ ಅದರಲ್ಲಿ ಪಿಷ್ಟಪಾಕವೆಂಬ ಪ್ರತ್ಯೇಕ ಭಾಗವೇ ಇದೆ. ಅಲ್ಲಿ ಮಂಡಿಗೆಗೂ ಸ್ಥಾನವುಂಟು. ಐದು ಶತಮಾನಗಳ ತರುವಾಯವೂ ಬೆಳಗಾವಿಯ ಮದುವೆಯೂಟದಲ್ಲಿ ಮಂಡಿಗೆ ಉಳಿದುಕೊಂಡಿದೆ. ಬೋರಲು ಹಾಕಿದ ಕಾವಲಿಯ ಮೇಲೆ ಕರವಸ್ತ್ರದಷ್ಟು ತೆಳುವಾಗಿ ಹರಡಿ, ಒಳಗೆ ಸಕ್ಕರೆ ಗಸಗಸೆಗಳ ಹೂರಣವಿಟ್ಟು ಮಡಚುವ ಆ ಕೌಶಲ್ಯ ಇಂದು ಕೆಲವೇ ಕೈಗಳಲ್ಲಿದೆ. ಒಂದು ಮಂಡಿಗೆಯನ್ನು ಬೇಯಿಸಲು ಹಿಡಿಯುವ ಹೊತ್ತಿನಲ್ಲಿ ಮೇಜಿನ ಹತ್ತು ಭರಣಿಗಳನ್ನು ತುಂಬಿಬಿಡಬಹುದು. ಅದು ಹಿಂದೆ ಬೀಳಲು ಇದೇ ಕಾರಣ.

ಈ ಮಂಗರಸನೇ ‘ನೇಮಿಜಿನೇಶ ಸಂಗತಿ’ಯನ್ನೂ ರಚಿಸಿದನೆಂಬುದನ್ನು ಸಾಮಾನ್ಯವಾಗಿ ಜತೆಗೂಡಿಸಿ ನೋಡುವುದಿಲ್ಲ. ಅಡಿಗೆಯ ಶಾಸ್ತ್ರವನ್ನು ಬರೆದ ಕೈಯೇ, ಮದುವೆಯೂಟದ ನಿಮಿತ್ತದಿಂದ ವಿರಕ್ತನಾದ ತೀರ್ಥಂಕರನ ಚರಿತೆಯನ್ನೂ ಬರೆಯಿತು. ರಾಜೀಮತಿಯ ಪಾಣಿಗ್ರಹಣಕ್ಕೆಂದು ಹೊರಟ ನೇಮಿಕುಮಾರ ದಾರಿಯಲ್ಲಿ ಕಟ್ಟಿಹಾಕಿದ ಪ್ರಾಣಿಗಳ ಆರ್ತನಾದವನ್ನು ಕೇಳಿದ. ಇವು ಯಾರಿಗಾಗಿ ಎಂದು ವಿಚಾರಿಸಿದ. ಮದುವೆಗೆ ಬಂದವರ ಊಟಕ್ಕಾಗಿ ಎಂಬ ಉತ್ತರ ಬಂದಿತು. ಆತ ರಥವನ್ನು ತಿರುಗಿಸಿ ಗಿರನಾರಕ್ಕೆ ಹೊರಟುಹೋದ. ತೀರ್ಥಂಕರರ ಚರಿತೆಗಳಲ್ಲಿ ಭೋಜನದ ಏರ್ಪಾಡೇ ಕಥೆಯ ತಿರುವಾಗಿರುವುದು ಇಲ್ಲಿ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆತ ವಿಚಾರಿಸಿದ ಎಂಬುದು. ಎದುರಿಗೆ ಬಂದುದನ್ನು ಕಂಡೂ ಕಾಣದಂತೆ ಮುಂದೆ ಸಾಗಲಿಲ್ಲ.

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯ ಮೂಲನಾಯಕ ಈ ನೇಮಿನಾಥನೇ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಕಟ್ಟಿಸಿದ ಜಿನಾಲಯಕ್ಕೆ ಸಂಬಂಧಿಸಿದ 1204ರ ಎರಡು ಶಿಲಾಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅರಸನ ದಾನದ ಜತೆಗೆ ವೇಣುಗ್ರಾಮದ ವರ್ತಕ ಸಮುದಾಯವೂ ತನ್ನ ಸರಕುಗಳ ಮೇಲಿನ ಆಯವನ್ನು ಜಿನಾಲಯಕ್ಕೆ ಬಿಟ್ಟುಕೊಟ್ಟ ಸಂಗತಿ ಅವುಗಳಿಂದ ತಿಳಿಯುತ್ತದೆ. ವರ್ತಕನ ಗಳಿಕೆಗೂ ಬಸದಿಯ ಮರ್ಯಾದೆಗೂ ಇರುವ ಸಂಬಂಧ ಈ ಊರಿನಲ್ಲಿ ಎಂಟುನೂರು ವರ್ಷಗಳಷ್ಟು ಹಳೆಯದು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಖಾನಾಪುರ ತಾಲ್ಲೂಕಿನ ಹಲಸಿಗೆ ಹೋಗಬೇಕು. ಕದಂಬರ ಕಾಲದ ಪಲಾಶಿಕಾ ಅದೇ. ಅಲ್ಲಿ ದೊರೆತು, 1877ರಲ್ಲಿ ಫ್ಲೀಟ್ ಸಾಹೇಬರು ಪ್ರಕಟಿಸಿದ ತಾಮ್ರಪಟಗಳು ಕರ್ನಾಟಕದ ಜೈನ ಇತಿಹಾಸದ ಅಮೂಲ್ಯ ಆಕರಗಳು. ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ಕೊಟ್ಟನು. ಅವನ ಮಗ ರವಿವರ್ಮನ ಶಾಸನ ಇಲ್ಲಿ ಹೆಚ್ಚು ಪ್ರಸ್ತುತ. ಪ್ರತಿವರ್ಷ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನಗಳ ಜಿನೇಂದ್ರ ಮಹಿಮೆಯನ್ನು ನಡೆಸಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರದ ವ್ಯವಸ್ಥೆಯಾಗಬೇಕು, ಅದಕ್ಕೆ ಒಂದು ಗ್ರಾಮದ ಉತ್ಪನ್ನ ಮೀಸಲು ಎಂದು ಆತ ಕಟ್ಟಳೆ ಮಾಡಿದ. ಲೆಕ್ಕ ಬಲ್ಲವರಿಗೆ ಈ ಶಾಸನದಲ್ಲಿ ಒಂದು ಸೊಗಸಿದೆ. ಉತ್ಸವಕ್ಕೆ ದಿನ ಗೊತ್ತು, ಉಣ್ಣುವವರು ಗೊತ್ತು, ಹಣ ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತು.

ಕಾರ್ತಿಕದ ಅದೇ ಹುಣ್ಣಿಮೆಯನ್ನು ಉತ್ತರ ಕರ್ನಾಟಕದ ಜನರು ಗೌರಿ ಹುಣ್ಣಿಮೆಯೆಂದು ಕರೆಯುತ್ತಾರೆ. ಮರದ ಅಚ್ಚುಗಳಲ್ಲಿ ಸಕ್ಕರೆಯ ಪಾಕವನ್ನು ಹೊಯ್ದು ಗೋಪುರ, ತೇರು, ಆನೆ, ನವಿಲುಗಳನ್ನು ಮಾಡುವುದು, ನಿಶ್ಚಯವಾದ ಕನ್ಯೆಗೆ ವರನ ಮನೆಯವರು ಸೀರೆಯೊಡನೆ ಆ ಸಕ್ಕರೆ ಆರತಿಯನ್ನು ಒಯ್ಯುವುದು ಈ ಸೀಮೆಯ ಚಂದದ ರೂಢಿ. ಬಣ್ಣದ ಸಕ್ಕರೆಯ ಗೊಂಬೆಗಳನ್ನು ತಟ್ಟೆಯ ತುಂಬ ಜೋಡಿಸಿಟ್ಟು ಕಣ್ಣು ತುಂಬ ನೋಡುವ ಆಸೆಗೆ ಪರದೇಶದ ಪಾಠ ಬೇಕಿರಲಿಲ್ಲ. ಮಿಠಾಯಿಯ ಮೇಜನ್ನು ಕೇವಲ ಪರಕೀಯವೆಂಬ ಕಾರಣಕ್ಕೆ ಖಂಡಿಸುವವರು ಈ ಆರತಿಯ ತಟ್ಟೆಯನ್ನು ಮರೆತಿದ್ದಾರೆಂದೇ ಹೇಳಬೇಕು.

ಹಾಗಾದರೆ ಆಕ್ಷೇಪ ಎಲ್ಲಿಂದ ಆರಂಭವಾಗುತ್ತದೆ? ಸಕ್ಕರೆಯಲ್ಲಿ ಏನು ಬೆರೆತಿದೆ ಎಂಬಲ್ಲಿಂದ. ಇದೂ ಹೊಸ ಪ್ರಶ್ನೆಯಲ್ಲ. 19ನೆಯ ಶತಮಾನದ ಕೊನೆಗೆ ಯುರೋಪಿನ ಬೀಟ್ ಗಡ್ಡೆಯ ಸಕ್ಕರೆ ಅಗ್ಗದ ದರದಲ್ಲಿ ಹಿಂದುಸ್ಥಾನದ ಬಂದರುಗಳಿಗೆ ಬಂದು ಬೀಳತೊಡಗಿತು. ಸರಕಾರ 1899ರಲ್ಲಿ ಅದರ ಮೇಲೆ ಪ್ರತಿಸುಂಕ ವಿಧಿಸಬೇಕಾಯಿತು. ಸ್ವದೇಶಿ ಚಳವಳಿಯ ದಿನಗಳಲ್ಲಿ ಪರದೇಶದ ಸಕ್ಕರೆಯ ವಿರುದ್ಧ ಎದ್ದ ದನಿಗೆ ಆರ್ಥಿಕ ಕಾರಣದ ಜತೆಗೆ ಧಾರ್ಮಿಕ ಕಾರಣವೂ ಇತ್ತು: ಆ ಸಕ್ಕರೆಯನ್ನು ಎಲುಬಿನಿಂದ, ರಕ್ತದಿಂದ ಶುದ್ಧಗೊಳಿಸುತ್ತಾರೆ ಎಂಬುದು. ಅದು ಬರಿಯ ವದಂತಿಯಾಗಿರಲಿಲ್ಲ. ಕಬ್ಬಿನ ರಸದ ಬಣ್ಣವನ್ನು ತೆಗೆಯಲು ಎಲುಬಿನ ಇದ್ದಿಲಿನ ಮೂಲಕ ಸೋಸುವುದು ಪಶ್ಚಿಮದ ಸಂಸ್ಕರಣಾಲಯಗಳ ರೂಢಿಯಾಗಿತ್ತು. ಅದಕ್ಕೂ ಹಿಂದೆ ಎತ್ತಿನ ರಕ್ತವನ್ನು ಬಳಸುತ್ತಿದ್ದರು. ಈ ದೇಶದ ಆಲೆಮನೆಗಳಲ್ಲಾದರೋ ಬೆಂಡೆಗಿಡದ ಲೋಳೆಯನ್ನೋ ಹಾಲನ್ನೋ ಹಾಕಿ ಕಶ್ಮಲವನ್ನು ಮೇಲಕ್ಕೆಬ್ಬಿಸಿ ತೆಗೆಯುತ್ತಿದ್ದರು.

1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸಂರಕ್ಷಣೆ ದೊರೆತ ತರುವಾಯ ದೇಶದಲ್ಲಿ ಕಾರ್ಖಾನೆಗಳು ತ್ವರಿತವಾಗಿ ಬೆಳೆದವು. ಬೆಳಗಾವಿ ಜಿಲ್ಲೆಯ ಉಗಾರದ ಸಕ್ಕರೆ ಕಾರ್ಖಾನೆ 1939ರದು. ಭಾರತೀಯ ಕಾರ್ಖಾನೆಗಳು ಹೆಚ್ಚಾಗಿ ಸುಣ್ಣ ಮತ್ತು ಗಂಧಕದ ಹೊಗೆಯಿಂದ ರಸವನ್ನು ತಿಳಿಗೊಳಿಸುತ್ತವೆ, ಎಲುಬಿನ ಇದ್ದಿಲಿನಿಂದಲ್ಲ. ಆದುದರಿಂದ ಊರಿನ ಕಿರಾಣಿ ಅಂಗಡಿಯ ಸಕ್ಕರೆಯ ಬಗ್ಗೆ ಆ ಹಳೆಯ ಶಂಕೆಯನ್ನು ಇಂದು ಇಟ್ಟುಕೊಳ್ಳಬೇಕಾಗಿಲ್ಲ. ಹೊರದೇಶದಿಂದ ಸಿದ್ಧವಾಗಿ ಬರುವ ಮಿಠಾಯಿಯ ಮಾತು ಬೇರೆ.

ಪೆಪ್ಪರಮೆಂಟಿನ ಉದ್ಯಮಕ್ಕೂ ಜೈನ ವರ್ತಕರಿಗೂ ಇರುವ ನಂಟನ್ನು ಇಲ್ಲಿ ನೆನೆಯದಿರಲಾಗದು. ಸೋಲಾಪುರದ ದಿಗಂಬರ ಜೈನ ಮನೆತನದಲ್ಲಿ 1882ರಲ್ಲಿ ಜನಿಸಿದ ವಾಲಚಂದ ಹಿರಾಚಂದರು ಹಡಗು, ವಿಮಾನ, ಮೋಟಾರು ಉದ್ಯಮಗಳಿಗಾಗಿ ಪ್ರಸಿದ್ಧರು. ನಾಸಿಕ ಜಿಲ್ಲೆಯ ರಾವಳಗಾಂವದಲ್ಲಿ ಅವರು ಸ್ಥಾಪಿಸಿದ ಸಕ್ಕರೆ ಸಂಸ್ಥೆ 1942ರಿಂದ ಪೆಪ್ಪರಮೆಂಟುಗಳನ್ನು ತಯಾರಿಸಿತು. ‘ಪಾನ್ ಪಸಂದ್’ ಎಂಬ ಅದರ ಗೋಳಿಯನ್ನು ಬಾಯಲ್ಲಿಡದೆ ಬೆಳೆದ ಮಕ್ಕಳು ಈ ಭಾಗದಲ್ಲಿ ವಿರಳ. 2024ರಲ್ಲಿ ಆ ಮಿಠಾಯಿಗಳ ಹೆಸರು ಮತ್ತು ತಯಾರಿಕೆಯ ಸೂತ್ರಗಳು 27 ಕೋಟಿ ರೂಪಾಯಿಗಳಿಗೆ ರಿಲಯನ್ಸ್ ಸಮೂಹದ ಪಾಲಾದವು.

ಸಕ್ಕರೆ, ಗ್ಲುಕೋಸು, ಸುವಾಸನೆ, ಬಣ್ಣ: ಗಟ್ಟಿ ಪೆಪ್ಪರಮೆಂಟಿನಲ್ಲಿ ಇವಿಷ್ಟೇ ಇದ್ದ ಕಾಲದಲ್ಲಿ ಚಿಂತೆ ಕಡಿಮೆ. ಮೆತ್ತಗಿನ ಮಿಠಾಯಿಗಳು ಬಂದ ಮೇಲೆ ಸ್ಥಿತಿ ಬದಲಾಯಿತು. ಮಾರ್ಷ್‌ಮ್ಯಾಲೋ ಮತ್ತು ಅನೇಕ ಬಗೆಯ ಜೆಲ್ಲಿಗಳ ಮೃದುತ್ವಕ್ಕೆ ಕಾರಣ ಜಿಲೆಟಿನ್. ಅದನ್ನು ತಯಾರಿಸುವುದು ಪ್ರಾಣಿಗಳ ಚರ್ಮ ಮತ್ತು ಎಲುಬನ್ನು ಕುದಿಸಿ. ಕೆಂಪು ಬಣ್ಣಕ್ಕೆ ಬಳಸುವ ಕಾರ್ಮೈನ್, ಕೊಚಿನೀಲ್ ಎಂಬ ಕೀಟಗಳನ್ನು ಒಣಗಿಸಿ ಅರೆದು ತೆಗೆದುದು; ಪೊಟ್ಟಣದ ಮೇಲೆ ಅದರ ಗುರುತು 120. ಗೋಳಿಗಳ ಮೇಲ್ಮೈಗೆ ಹೊಳಪು ಕೊಡುವ 904 ಎಂಬುದು ಶೆಲ್ಯಾಕ್, ಅಂದರೆ ಅರಗು. 901 ಎಂಬುದು ಜೇನುಮೇಣ. ಗಟ್ಟಿ ಗೋಳಿಯೂ ಈ ಹೊಳಪಿನಿಂದಾಗಿ ನಿರ್ದೋಷವಾಗಿ ಉಳಿದಿಲ್ಲ.

ಅರಗಿನ ಸಂಗತಿ ವಿಶೇಷ ಗಮನಕ್ಕೆ ಅರ್ಹ. ಶ್ವೇತಾಂಬರ ಆಗಮವಾದ ‘ಉಪಾಸಕದಶಾಂಗ’ದಲ್ಲಿ ಶ್ರಾವಕನು ಬಿಡಬೇಕಾದ 15 ಕರ್ಮಾದಾನಗಳ ಪಟ್ಟಿಯಿದೆ. ದಂತ ವಾಣಿಜ್ಯ, ವಿಷ ವಾಣಿಜ್ಯಗಳ ಜತೆಗೆ ಲಾಕ್ಷಾ ವಾಣಿಜ್ಯವೂ ಅಲ್ಲಿ ಸೇರಿದೆ. ರೆಂಬೆಗಳಿಂದ ಅರಗನ್ನು ಕೆರೆದು ತೆಗೆಯುವಾಗ ಅದರೊಳಗಿನ ಅಸಂಖ್ಯ ಕೀಟಗಳು ನಾಶವಾಗುತ್ತವೆ ಎಂಬುದನ್ನು ಆ ಕಾಲದ ಆಚಾರ್ಯರು ಅರಿತಿದ್ದರು. ಅದರಿಂದ ಒದಗುವ ಲಾಭವನ್ನೇ ನಿಷೇಧಿಸಿದವರು ಅದನ್ನು ಮದುವೆಯಲ್ಲಿ ಮಕ್ಕಳ ಬಾಯಿಗೆ ಹಾಕುವುದನ್ನು ಒಪ್ಪುತ್ತಿದ್ದರೆಂದು ಊಹಿಸಲಾಗದು. ಜೇನಿನ ವಿಷಯದಲ್ಲಿ ದಿಗಂಬರ ಆಚಾರ್ಯರ ನಿಲುವೂ ಅಷ್ಟೇ ಸ್ಪಷ್ಟ. ಸಮಂತಭದ್ರರು ‘ರತ್ನಕರಂಡಕ’ದಲ್ಲಿ ಮದ್ಯ ಮಾಂಸ ಮಧು ತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಎಣಿಸಿದ್ದಾರೆ. ಅಮೃತಚಂದ್ರರು ಇನ್ನೂ ಮುಂದೆ ಹೋಗಿ, ತಾನಾಗಿಯೇ ಗೂಡಿನಿಂದ ತೊಟ್ಟಿಕ್ಕಿದ ಜೇನನ್ನು ತೆಗೆದುಕೊಂಡರೂ ಅದನ್ನು ಆಶ್ರಯಿಸಿದ ಜೀವಿಗಳ ಘಾತದಿಂದ ಹಿಂಸೆ ತಪ್ಪದೆಂದು ಹೇಳುತ್ತಾರೆ.

ಪೊಟ್ಟಣದ ಮೇಲೆ ಹಸಿರು ಬೊಟ್ಟಿದ್ದರೆ ಸಾಲದೇ ಎಂದು ಅನೇಕ ಮನೆತನಗಳು ಕೇಳುತ್ತವೆ. ಸಾಲದು. ಹಸಿರು ಬೊಟ್ಟಿನ ನಿಯಮ 2001ರಲ್ಲಿ ಹೊರಟಿತು, ಶಾಕಾಹಾರಿಗಳಿಗೆ ಅದರಿಂದ ಆದ ಉಪಕಾರ ದೊಡ್ಡದು. ಜಿಲೆಟಿನ್ ಇರುವ ಮಿಠಾಯಿಗೆ ಆ ಬೊಟ್ಟು ದೊರೆಯುವುದಿಲ್ಲ. ಆದರೆ 2020ರ ಲೇಬಲ್ ನಿಯಮಾವಳಿ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲು, ಹಾಲಿನ ಪದಾರ್ಥಗಳೊಡನೆ ಜೇನು, ಜೇನುಮೇಣ, ಶೆಲ್ಯಾಕ್‌ಗಳನ್ನೂ ಹೊರಗಿಟ್ಟಿದೆ. ಅಂದರೆ ಅರಗು ಬಳಿದ ಗೋಳಿಗೂ, ಜೇನು ಬೆರೆತ ಚಾಕೊಲೇಟಿಗೂ ಹಸಿರು ಬೊಟ್ಟು ನ್ಯಾಯವಾಗಿಯೇ ಇರಬಲ್ಲದು. ಸರಕಾರದ ಶಾಕಾಹಾರ ಬೇರೆ, ಶ್ರಾವಕಾಚಾರ ಬೇರೆ. ಮೇಲಾಗಿ ಪೊಟ್ಟಣದಿಂದ ಬಿಚ್ಚಿ ಭರಣಿಗೆ ಸುರಿದ ಮೇಲೆ ಬೊಟ್ಟೂ ಇಲ್ಲ, ಅಂಕಿಯೂ ಇಲ್ಲ. ಬೆಳ್ಳಿಯ ವರಖಿನ ವಿಷಯವನ್ನೂ ಇದರೊಡನೆಯೇ ಹೇಳಬೇಕು. ಹಳೆಯ ಪದ್ಧತಿಯಲ್ಲಿ ಬೆಳ್ಳಿಯ ತುಣುಕನ್ನು ದನದ ಕರುಳಿನ ಹಾಳೆಗಳ ನಡುವೆ ಇಟ್ಟು ಬಡಿದು ಹಾಳೆ ಮಾಡುತ್ತಿದ್ದರು. ಯಂತ್ರದಲ್ಲಿ ತಯಾರಾದ ನಿರ್ದೋಷ ವರಖು ಈಗ ದೊರೆಯುತ್ತದೆ, ಕೇಳಿ ತರಿಸಬೇಕಷ್ಟೆ.

ಜೆಲ್ಲಿಯ ಮಿಠಾಯಿಗಳಲ್ಲಿ ಮಕ್ಕಳಿಗೆ ಅತಿ ಪ್ರಿಯವಾದುದು ಕರಡಿಯ ಆಕಾರದ್ದು. ಜರ್ಮನಿಯ ಬಾನ್ ನಗರದ ಹಾನ್ಸ್ ರೀಗೆಲ್ 1922ರಲ್ಲಿ ಅದನ್ನು ಮೊದಲು ತಯಾರಿಸಿದನು. ಅಲ್ಲಿ ಅದು ಮುಗ್ಧ ವಿನೋದ. ಕನ್ನಡ ಜೈನರಿಗೆ ಮಾತ್ರ ಪ್ರಾಣಿಯ ಆಕಾರದ ತಿನಿಸನ್ನು ಕಂಡಾಗ ಇನ್ನೊಂದು ಆಕೃತಿ ನೆನಪಾಗದೆ ಇರದು. ಕಮಲ ಬಸದಿಯ ಶಾಸನಗಳಾದ ಕೆಲವೇ ವರ್ಷಗಳಲ್ಲಿ, 1209ರಲ್ಲಿ, ಜನ್ನನು ‘ಯಶೋಧರ ಚರಿತೆ’ಯನ್ನು ಮುಗಿಸಿದನು. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ಜೀವಂತ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಟ್ಟನು. ಕೊಲ್ಲುವ ಸಂಕಲ್ಪ ಮಾತ್ರದಿಂದ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರ ಪಶುಪಕ್ಷಿಗಳಾಗಿ ಅಲೆದರು. 13ನೆಯ ಶತಮಾನದ ಪಂಡಿತ ಆಶಾಧರರು ಬೇಟೆಯ ವ್ಯಸನವನ್ನು ಬಿಟ್ಟವನು ಬಟ್ಟೆಯ ಮೇಲಿನ, ನಾಣ್ಯದ ಮೇಲಿನ ಪ್ರಾಣಿಯ ಆಕೃತಿಗಳನ್ನು ಕೂಡ ಛೇದಿಸಬಾರದೆಂದಿದ್ದಾರೆ.

ಇದನ್ನು ಅತಿಗೆ ಒಯ್ಯಬೇಕಾಗಿಲ್ಲ. ಸಕ್ಕರೆಯ ಆನೆಯನ್ನು ಚೀಪುವ ಮಗುವಿನಲ್ಲಿ ಯಶೋಧರನ ಸಂಕಲ್ಪವಿಲ್ಲ. ಹಾಗೆಂದರೆ ಗೌರಿ ಹುಣ್ಣಿಮೆಯ ಆರತಿಯನ್ನೂ ನಿಲ್ಲಿಸಬೇಕಾದೀತು. ಹಿಟ್ಟಿನ ಕೋಳಿಯಲ್ಲಿ ಹಿಟ್ಟಲ್ಲದೆ ಬೇರೇನೂ ಇರಲಿಲ್ಲ, ದೋಷವೆಲ್ಲ ಭಾವದಲ್ಲಿತ್ತು. ಜಿಲೆಟಿನ್ನಿನ ಕರಡಿಯಲ್ಲಿ ಭಾವ ನಿರ್ದೋಷ, ದ್ರವ್ಯವೇ ಸದೋಷ. ದ್ರವ್ಯಹಿಂಸೆ ಭಾವಹಿಂಸೆಗಳ ಭೇದವನ್ನು ಪಾಠಶಾಲೆಯ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ. ಆದರೂ ಆಕಾರವನ್ನು ಆರಿಸುವ ಸ್ವಾತಂತ್ರ್ಯ ಇರುವಾಗ ಹಣ್ಣಿನ, ಹೂವಿನ, ತಾವರೆಯ ಆಕಾರಗಳನ್ನೇ ಆರಿಸಿದರೆ ನಷ್ಟವೇನೂ ಇಲ್ಲ. ಹಣ್ಣಿನಿಂದ ತೆಗೆಯುವ ಪೆಕ್ಟಿನ್ ಬಳಸಿದ ಜೆಲ್ಲಿ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ.

ಬೆಳಗಾವಿಗೆ ಮಿಠಾಯಿಗಾಗಿ ದೂರ ನೋಡುವ ಅಗತ್ಯವೂ ಇಲ್ಲ. ಹಾಲನ್ನು ಗಂಟೆಗಟ್ಟಲೆ ಕಾಯಿಸಿ, ಒಡೆಸಿ, ಸಕ್ಕರೆ ಏಲಕ್ಕಿ ಬೆರೆಸಿ, ಕಂದು ಬಣ್ಣ ಬರುವವರೆಗೆ ಮಗುಚುವ ಕುಂದಾ ಈ ನಗರದ ಹೆಸರಿನೊಡನೆಯೇ ಬೆಸೆದುಕೊಂಡಿದೆ. ರಾಜಸ್ಥಾನದಿಂದ ಬಂದು ನೆಲೆಸಿದ ಮಿಠಾಯಿಗಾರರ ಕೈಯಲ್ಲಿ, ಒಲೆಯ ಮೇಲೆ ಮರೆತುಹೋದ ಹಾಲಿನಿಂದ ಅದು ಹುಟ್ಟಿತೆಂದು ಜನ ಹೇಳುತ್ತಾರೆ. ಗೋಕಾಕದ ಕರದಂಟಿನಲ್ಲಿ ಬೆಲ್ಲ, ಒಣಹಣ್ಣುಗಳನ್ನು ಹಿಡಿದಿಡುವುದು ಮರದ ಅಂಟು. ಪರದೇಶದ ಮಿಠಾಯಿ ಎಲುಬಿನಿಂದ ಪಡೆಯುವ ಜಿಗುಟನ್ನು ಗೋಕಾಕದವರು ಗಿಡದಿಂದ ಪಡೆದರು. ಸಣ್ಣದಾಗಿ ಕತ್ತರಿಸಿದ ಕರದಂಟು, ಕಲ್ಲುಸಕ್ಕರೆ, ಬತ್ತಾಸು, ಎಳ್ಳಿನ ಉಂಡೆ, ಚಿಕ್ಕಿ, ಒಣದ್ರಾಕ್ಷಿಗಳನ್ನು ಭರಣಿಗಳಲ್ಲಿಟ್ಟರೆ ಮೇಜು ಬಣ್ಣಗೆಡುವುದಿಲ್ಲ. ಕುಂಬಾರಿಕೆಗೆ ಹೆಸರಾದ ಖಾನಾಪುರ ಹತ್ತಿರದಲ್ಲೇ ಇರುವಾಗ ಆ ಭರಣಿಗಳು ಗಾಜಿನವೇ ಆಗಬೇಕೆಂದೂ ಇಲ್ಲ. ಒಂದೇ ಎಚ್ಚರಿಕೆ: ಖಾನಾಪುರದ ಕಡೆ ಮಳೆಗಾಲದ ತೇವ ಬೇಗ ಹೋಗುವುದಿಲ್ಲ, ಬತ್ತಾಸು ಮುಚ್ಚಳವಿಲ್ಲದೆ ಒಂದು ರಾತ್ರಿ ಉಳಿದರೆ ಮೆತ್ತಗಾಗುತ್ತದೆ, ಇರುವೆ ಮುತ್ತುತ್ತದೆ.

ಪ್ರಮಾಣದ ಪ್ರಶ್ನೆಯನ್ನು ವರ್ತಕರ ಭಾಷೆಯಲ್ಲೇ ನೋಡುವುದು ಒಳ್ಳೆಯದು. 400 ಅತಿಥಿಗಳು, ಒಬ್ಬರಿಗೆ 30 ಗ್ರಾಂ ಎಂದರೆ 12 ಕಿಲೋ ಸಾಕು. ಆದರೆ ಮಿಠಾಯಿಯ ಮೇಜಿನ ಸ್ವಭಾವವೇ ಬೇರೆ: ಕೊನೆಯ ಅತಿಥಿ ಬಂದಾಗಲೂ ಭರಣಿ ತುಂಬಿದಂತೆ ಕಾಣಬೇಕು. ಅಲಂಕಾರ ಮಾಡುವವರು ಹಾಗಾಗಿ 25 ಕಿಲೋ ತರಿಸುತ್ತಾರೆ. ತಿನ್ನುವುದಕ್ಕಾಗಿ 12, ತೋರುವುದಕ್ಕಾಗಿ 13. ಈ ಎರಡನೆಯ ಅಂಕಿಗೆ ‘ತತ್ತ್ವಾರ್ಥ ಸೂತ್ರ’ದಲ್ಲಿ ಹೆಸರಿದೆ. ಅಗತ್ಯಕ್ಕೆ ಮೀರಿ ಭೋಗದ ಪದಾರ್ಥಗಳನ್ನು ಕೂಡಿಹಾಕುವುದು ಅನರ್ಥದಂಡ ವಿರತಿಯ ಅತಿಚಾರಗಳಲ್ಲೊಂದು. ಇಟಲಿ ದೇಶದ ಮದುವೆಗಳಲ್ಲಿ ಸಕ್ಕರೆ ಲೇಪಿಸಿದ ಬಾದಾಮಿಯನ್ನು ಅತಿಥಿಗಳಿಗೆ ಕೊಡುವ ಹಳೆಯ ಪದ್ಧತಿಯಿದೆ. ಒಬ್ಬರಿಗೆ ಐದು, ಆರೋಗ್ಯ, ಸಂಪತ್ತು, ಸುಖ, ಸಂತತಿ, ಆಯುಷ್ಯಗಳಿಗೆ ಒಂದೊಂದು. ಪರಿಮಾಣ ವ್ರತವನ್ನು ಕೇಳಿಯೂ ಅರಿಯದ ಜನರ ಈ ಲೆಕ್ಕ ಮೆಚ್ಚತಕ್ಕದ್ದು. ಸಣ್ಣ ಚೀಲಗಳನ್ನು ಮುಂಚಿತವಾಗಿ ತುಂಬಿ ಕಟ್ಟಿಟ್ಟರೆ ಇಲ್ಲಿಯೂ ಅದೇ ಸಾಧ್ಯ. ಸಾಖರಪುಡೆಯ ಪುಡಿಕೆಯೇ ಹೊಸ ವೇಷದಲ್ಲಿ ಮರಳಿದಂತಾಗುತ್ತದೆ.

ಹಳೆಯ ಪಂಕ್ತಿಭೋಜನವೆಲ್ಲ ಮಿತಭೋಜನವಾಗಿತ್ತೆಂಬ ಭ್ರಮೆಯೂ ಬೇಡ. ಬೀಗರನ್ನು ಒತ್ತಾಯ ಮಾಡಿ, ಕೈ ಅಡ್ಡವಿಟ್ಟರೂ ಬಿಡದೆ ಎಲೆಗೆ ಹೋಳಿಗೆ ಜಿಲೇಬಿ ಹಾಕುವುದನ್ನೇ ಉಪಚಾರವೆಂದು ತಿಳಿದವರು ಬಹಳ. ಎಂಜಲೆಲೆಯೊಡನೆ ಹೊರಬಿದ್ದ ಸಿಹಿಯ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ತನಗೆ ಬೇಕಾದಷ್ಟನ್ನು ತಾನೇ ತೆಗೆದುಕೊಳ್ಳುವ ಮೇಜು, ಈ ಒಂದು ವಿಷಯದಲ್ಲಿ, ಒತ್ತಾಯದ ಪಂಕ್ತಿಗಿಂತ ಮೇಲು.

ಕಠಿನವಾದ ಅಡಚಣೆ ಹೊತ್ತಿನದು. ಆರತಕ್ಷತೆಗಳು ಸಂಜೆ ಏಳರ ಮೇಲೆ ರಂಗೇರುತ್ತವೆ. ಮಾಗಿಯಲ್ಲಿ ಬೆಳಗಾವಿಯ ಸೂರ್ಯ ಆರು ಗಂಟೆಯ ಸುಮಾರಿಗೇ ಅಸ್ತನಾಗುತ್ತಾನೆ. ಸೂರ್ಯನ ಬೆಳಕಿಲ್ಲದೆ ಉಣ್ಣುವವನು, ದೀಪವನ್ನು ಹಚ್ಚಿದ್ದರೂ, ಆಹಾರಕ್ಕೆ ಬಂದು ಬೀಳುವ ಸೂಕ್ಷ್ಮ ಜೀವಿಗಳ ಹಿಂಸೆಯನ್ನು ಹೇಗೆ ತಪ್ಪಿಸಿಯಾನು ಎಂದು ಅಮೃತಚಂದ್ರರು ಕೇಳಿದ್ದಾರೆ. ಪ್ರಖರ ವಿದ್ಯುದ್ದೀಪಗಳ ಕೆಳಗೆ ಮುಚ್ಚಳ ತೆಗೆದಿಟ್ಟ ಸಿಹಿಯ ಭರಣಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಹಗಲಿನಲ್ಲಿಯೇ ಸತ್ಕಾರ ಸಮಾರಂಭವನ್ನು ಇಟ್ಟುಕೊಳ್ಳುವುದು ಸರಿಯಾದ ದಾರಿ. ಅದು ಆಗದಿದ್ದರೆ ಕಟ್ಟಿದ ಪುಡಿಕೆಯನ್ನು ಕೈಗಿತ್ತು ಕಳಿಸುವುದು. ಮರುದಿನ ಬೆಳಗಿಗೆ ತಿನ್ನಲು ಯಾವ ಬಾಧೆಯೂ ಇಲ್ಲ.

ಎಷ್ಟು ದಿನ ಮೊದಲು ತರಿಸಿಡಬಹುದು ಎಂಬುದಕ್ಕೂ ಪರಂಪರೆಯಲ್ಲಿ ಉತ್ತರವಿದೆ. ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನ. ಬೂರಾ ಸಕ್ಕರೆಯದು ಕ್ರಮವಾಗಿ 30, 15, 7 ದಿನ. ಬಿಡಿಯಾಗಿ ಮಾರುವ ಸಿಹಿಗಳ ಬಳಿ ಯಾವ ದಿನದೊಳಗೆ ತಿನ್ನಬೇಕೆಂಬುದನ್ನು ಬರೆದಿಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿತು. ಅಂಗಡಿಯ ಆ ಚೀಟಿಯನ್ನೇ ಭರಣಿಯ ಮುಂದೆ ಇರಿಸಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ವಿಶ್ವಸ್ತ ಮಂಡಳಿಗಳು ಪೂರ್ಣ ನಿಷೇಧವನ್ನು ಹಾಕಬೇಕಾದ ಕಾರಣ ಈ ಚರಿತ್ರೆಯಲ್ಲಿ ಕಾಣುವುದಿಲ್ಲ. ನಿಷೇಧಿಸಿದರೆ ಮದುವೆಗಳು ಹೊರಗಿನ ಹೊಟೇಲುಗಳಿಗೆ ಹೋಗುತ್ತವೆ, ಅಲ್ಲಿ ಕೇಳುವವರೇ ಇರುವುದಿಲ್ಲ. ಸಭಾಗೃಹವನ್ನು ಬಾಡಿಗೆಗೆ ಕೊಡುವ ಕರಾರಿನ ಹಾಳೆಯಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು: ಮಿಠಾಯಿಯ ಮೂಲ ಪೊಟ್ಟಣಗಳನ್ನು ಹಿಂದಿನ ದಿನವೇ ವ್ಯವಸ್ಥಾಪಕರಿಗೆ ತೋರಿಸಬೇಕು; ಜಿಲೆಟಿನ್, ಜೇನು ಹಾಗೂ 120, 901, 904 ಅಂಕಿಗಳಿರುವ ಪದಾರ್ಥ ಒಳಗೆ ಬರಬಾರದು; ಸೂರ್ಯಾಸ್ತಕ್ಕೆ ಭರಣಿಗಳನ್ನು ಮುಚ್ಚಬೇಕು; ಒಡೆಯದ ಪೊಟ್ಟಣಗಳನ್ನು ಅಂಗಡಿಯವನು ಮರಳಿ ಪಡೆಯುವ ಮಾತು ಮೊದಲೇ ಆಗಿರಬೇಕು. ಚಾತುರ್ಮಾಸ ಮುಗಿದು ಕಾರ್ತಿಕದ ಹುಣ್ಣಿಮೆ ಕಳೆದೊಡನೆ ಮದುವೆಯ ತಿಥಿಗಳು ಆರಂಭವಾಗುತ್ತವೆ, ಮುಂಗಡ ಕೊಡುವವರು ಅದಕ್ಕೂ ತಿಂಗಳುಗಳ ಮೊದಲೇ ಬರುತ್ತಾರೆ. ಹೊಸ ಕರಾರಿನ ಹಾಳೆ ಪರ್ಯೂಷಣದೊಳಗೆ ಅಚ್ಚಾಗಿ ಬರುವುದು ಅನುಕೂಲ.